ಹೊದಿಕೆ ತೆಗೆಯದ ವಿಮಾನ

ರೇಲೀನ್ ಸ್ಟಬ್ಸ್ ಹೊಲಿದ ಸೀಟುಗಳ ಮೇಲೆ ಅರ್ಧ ಆಸ್ಟ್ರೇಲಿಯಾ ಕುಂಡೆಯೂರಿ ಕೂತಿದೆ. ಹಾಗಂತ ಹೇಳುವವಳು ಅವಳೇ, ಅದೂ ತನ್ನೂರು ನಾರ್ಲೇನಿನ ಪಬ್ಬಿನಲ್ಲಿ, ಆಚೆ ಮೇಜಿನವರಿಗೂ ಕೇಳುವ ಹಾಗೆ. ಮಾತಿನಲ್ಲಿ ಸುಳ್ಳೇನಿಲ್ಲ. ಹದಿನೆಂಟರ ಹರೆಯದಲ್ಲಿ ಜೀಲಾಂಗಿನ ಕಾರು ಕಾರ್ಖಾನೆಗೆ ಸೇರಿದವಳು, ಅದಕ್ಕೆ ಬೀಗ ಬೀಳುವ ದಿನದವರೆಗೂ ಸೀಟಿನ ಹೊಲಿಗೆ ಸಾಲಿನಲ್ಲೇ ಕೂತಿದ್ದಳು. ಕೂತವರು ಲಕ್ಷಾಂತರ ಜನ. ಹೊಲಿದವಳು ಯಾರು ಎಂದು ಕೇಳಿದವರು ಒಬ್ಬರೂ ಇಲ್ಲ.

ಕಾರ್ಖಾನೆ ಮುಚ್ಚಿದಾಗ ಉಳಿದವರು ಪರಿಹಾರವಾಗಿ ಬಂದ ದುಡ್ಡಿನಲ್ಲಿ ಕ್ಯಾರವಾನ್ ಕೊಂಡು ಉತ್ತರದ ಬಿಸಿಲಿಗೆ ಹೋದರು. ರೇಲೀನ್ ಹರಾಜಿನಲ್ಲಿ ಎರಡು ಹೊಲಿಗೆ ಯಂತ್ರ ಕೊಂಡಳು. ಪಕ್ಕದ ಕೊರಾಯೊದಲ್ಲಿ ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ ಹಿಡಿದಳು. ಸಾಲಿನಲ್ಲಿ ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತಿದ್ದ ಕ್ರೊಯೇಷಿಯಾದ ಮಿರ್ಯಾನಾ, ಯಾರೂ ಕರೆಯದೆಯೇ, ಮರುದಿನ ಬೆಳಿಗ್ಗೆ ತನ್ನ ಕುರ್ಚಿ ಹೊತ್ತುಕೊಂಡು ಬಂದಳು.

ಇಬ್ಬರೂ ಹೊಲಿದದ್ದು ವಿಮಾನಗಳ ಹೊದಿಕೆ. ಬಯಲಲ್ಲಿ ನಿಲ್ಲುವ ಸಣ್ಣ ವಿಮಾನಕ್ಕೆ ಬಿಸಿಲು, ದೂಳು, ಆಲಿಕಲ್ಲು ಎಲ್ಲವೂ ಶತ್ರು. ಎಂಜಿನ್ನಿನೊಳಗೆ ಗೂಡು ಕಟ್ಟುವ ಹಕ್ಕಿಗಳಂತೂ ಕಡುವೈರಿಗಳು. ಮೂಗಿನಿಂದ ಬಾಲದವರೆಗೆ ಮೈಗೆ ಹತ್ತಿ ಕೂರುವ, ಒಳಗೆ ಮೆತ್ತನೆಯ ಉಣ್ಣೆಯ ಪದರ ಇರುವ ಹೊದಿಕೆಯನ್ನು ಈ ಇಬ್ಬರಷ್ಟು ಚೆನ್ನಾಗಿ ಹೊಲಿಯುವವರು ಆ ಸುತ್ತಿನಲ್ಲಿ ಇರಲಿಲ್ಲ. ಆದರೆ ಆರ್ಡರ್ ಎಲ್ಲವೂ ಮೆಲ್ಬರ್ನಿನ ಡಗ್ ಫೆನ್ನರ್ ಮೂಲಕ ಬರಬೇಕು, ಮಾಲೆಲ್ಲವೂ ಅವನ ಹೆಸರಿನ ಪಟ್ಟಿ ಅಂಟಿಸಿಕೊಂಡೇ ಹೊರಗೆ ಹೋಗಬೇಕು. ಇಬ್ಬರ ಜುಟ್ಟೂ ಅವನ ಕೈಯಲ್ಲಿತ್ತು.

ಎರಡು ವರ್ಷಕ್ಕೊಮ್ಮೆ ನಡೆಯುವ ಅವಲಾನ್ ವಿಮಾನ ಮೇಳಕ್ಕೆ ಹಿಂದಿನ ಸಲ ಡಗ್ ರೇಲೀನಳನ್ನು ಕರೆದುಕೊಂಡು ಹೋಗಿದ್ದ. ಸಾರ್ವಜನಿಕರಿಗೆ ಗೇಟು ತೆರೆಯುವುದಕ್ಕೆ ಮುಂಚಿನ ದಿನಗಳಲ್ಲಿ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ. ಅಲ್ಲಿ ಎಲ್ಲರೂ ಮೊದಲು ಎದೆಯ ಮೇಲಿನ ಬಿಲ್ಲೆ ನೋಡುತ್ತಾರೆ, ಆಮೇಲೆ ಬೇಕೆನಿಸಿದರೆ ಮುಖ. ರೇಲೀನಳ ಬಿಲ್ಲೆಯಲ್ಲಿ ಅವಳ ಹೆಸರಿಗಿಂತ ಡಗ್‌ನ ಕಂಪನಿಯ ಹೆಸರು ದಪ್ಪಗಿತ್ತು. ನ್ಯೂಜಿಲೆಂಡಿನ ಗಿರಾಕಿಯೊಬ್ಬ ಹೊದಿಕೆಯನ್ನು ಸವರಿ, "ಯಾರಪ್ಪ ಇದನ್ನ ಹೊಲಿಯೋರು?" ಎಂದು ಕೇಳಿದ. ಡಗ್ ಅವಳ ಕಡೆ ತಿರುಗಿಯೂ ನೋಡದೆ, "ಹಿಂದ್ಗಡೆ ನಮ್ಮ ಹುಡುಗೀರಿದಾರೆ" ಎಂದ. ರೇಲೀನಳಿಗೆ ಆಗ ಐವತ್ತೊಂಬತ್ತು. ಕೈಯಲ್ಲಿದ್ದ ಮಾಂಸದ ಪೈಯನ್ನು ಅರ್ಧಕ್ಕೇ ಕಸದ ಡಬ್ಬಿಗೆ ಎಸೆದಳು.

ಶೆಡ್ಡಿಗೆ ಬಂದವಳೇ ಮಿರ್ಯಾನಾಳಿಗೆ ಹೇಳಿದಳು: "ಮುಂದಿನ ಸಲ ನಾವೇ ಜಾಗ ಹಿಡಿಯೋಣ."

"ಏನಿಡ್ತೀಯ ಅಲ್ಲಿ? ನಿನ್ನ ಮೂತಿನಾ?" ಎಂದಳು ಮಿರ್ಯಾನಾ.

ಪ್ರಶ್ನೆ ಕೊಂಕಿನದಾದರೂ ಅದರಲ್ಲಿ ಹುರುಳಿತ್ತು. ಮೇಳದಲ್ಲಿ ಗೇಟು ತೆರೆಯುವ ಮುಂಚೆ ಎಲ್ಲರೂ ಮಾಡುವ ಮೊದಲ ಕೆಲಸ ವಿಮಾನದ ಹೊದಿಕೆ ಬಿಚ್ಚಿ, ಸುರುಳಿ ಸುತ್ತಿ, ಚಕ್ರದ ಹಿಂದೆ ಬಚ್ಚಿಡುವುದು. ರಾತ್ರಿಯಿಡೀ ವಿಮಾನವನ್ನು ಕಾಯ್ದದ್ದನ್ನು ಹಗಲು ಯಾರಿಗೂ ತೋರಿಸುವುದಿಲ್ಲ. ಇದನ್ನು ನೆನೆದಾಗಲೆಲ್ಲ ರೇಲೀನಳಿಗೆ ಮೈ ಉರಿಯುತ್ತಿತ್ತು. ಆ ಉರಿಯಲ್ಲೇ ಉಪಾಯವೂ ಹೊಳೆಯಿತು. ಎಲ್ಲರೂ ಬಿಚ್ಚಿ ನಿಲ್ಲಿಸಲಿ, ನಾನು ಮುಚ್ಚಿ ನಿಲ್ಲಿಸುತ್ತೇನೆ.

ವಿಮಾನ ಕೊಡಲು ಕ್ಲೈವ್ ಹ್ಯಾಲೊರನ್ ಒಪ್ಪಿದ. ಅವನು ಗೋಧಿ ಹೊಲಗಳಿಗೆ ಔಷಧಿ ಸಿಂಪಡಿಸುವ ಪೈಲಟ್, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. "ನನ್ನ ವಿಮಾನ ಯಾರಿಗೂ ಕಾಣಲ್ಲ ಅಂತೀಯ?" ಎಂದು ಕೇಳಿದ. "ಕಾಣಲ್ಲ" ಎಂದಳು. "ಹಾಗಾದ್ರೆ ತೊಳೆಯೋದು ತಪ್ತು. ತಗೊಂಡು ಹೋಗು" ಎಂದ.

ಮೇಳದ ಜಾಗಕ್ಕೆ ಬಾಡಿಗೆ ಕಟ್ಟಲು ಅವಳು ಗಂಡ ಬಿಟ್ಟುಹೋದ ದೋಣಿಯನ್ನು ಮಾರಿದಳು. ಗಂಡ ಬಿಟ್ಟುಹೋದದ್ದಕ್ಕಿಂತ ದೋಣಿ ಮಾರಿದ್ದಕ್ಕೇ ಹೆಚ್ಚು ಬೇಜಾರಾಯಿತೆಂದು ಅವಳು ಇಂದಿಗೂ ಹೇಳುತ್ತಾಳೆ.

ಸುದ್ದಿ ಮೆಲ್ಬರ್ನ್ ಮುಟ್ಟಲು ತಡವಾಗಲಿಲ್ಲ. ಡಗ್ ಶೆಡ್ಡಿಗೇ ಬಂದ. ಮೊದಲು ಬೆಣ್ಣೆ ಹಚ್ಚಿದ. "ನಿಂಗೆ ಮೇಳ ತಾನೇ ಬೇಕು? ನಮ್ಮ ಜಾಗದಲ್ಲೇ ಒಂದು ಯಂತ್ರ ಇಡಿಸ್ತೀನಿ. ನೀನು ಕೂತ್ಕೊಂಡು ಹೊಲಿ. ಬಂದೋರು ನೋಡ್ತಾರೆ, ಚೆನ್ನಾಗಿರುತ್ತೆ."

"ಬೋನಿನ ಕೋತಿಗೆ ಹಾಕೋ ಹಾಗೆ ಕಡ್ಲೆಬೀಜನೂ ಎಸೀತಾರಾ?" ಎಂದಳು ರೇಲೀನ್.

ಡಗ್‌ನ ಮುಖ ಬಿಗಿಯಿತು. "ನೋಡಮ್ಮ, ಆ ಹೊದಿಕೆಯ ಅಳತೆ, ನಮೂನೆ ಎಲ್ಲಾ ನಂದು. ಅದರ ಮೇಲೆ ನಿನ್ನ ಹೆಸರು ಕಂಡ್ರೆ ಕೋರ್ಟಿಗೆ ಎಳೀತೀನಿ. ಆರ್ಡರ್ ಅಂತೂ ಇವತ್ತಿಂದಾನೇ ಬಂದ್."

ನಮೂನೆ ಅವನದಲ್ಲ. ಪ್ರತಿ ವಿಮಾನದ ಕೆಳಗೂ ಅಂಗಾತ ಮಲಗಿ ಕಾಗದ ಕತ್ತರಿಸಿದವಳು ರೇಲೀನ್. ಆದರೆ ಆರ್ಡರ್ ಮಾತ್ರ ನಿಜವಾಗಿಯೂ ಅವನದೇ, ಮತ್ತು ಅದು ಅಂದೇ ನಿಂತಿತು. ಯಂತ್ರಗಳು ಸುಮ್ಮನಾದವು. ಮಿರ್ಯಾನಾ ಎರಡು ದಿನ ಶೆಡ್ಡಿನ ಕಡೆ ಬರಲಿಲ್ಲ. ಮೂರನೆಯ ದಿನ ಬಂದು, "ಮೇಳಕ್ಕೆ ಹೋಗೋಣ, ಬೇಡ ಅನ್ನಲ್ಲ. ಆದ್ರೆ ಹೊದಿಕೆ ಮೇಲೆ ಹೆಸರು ಮಾತ್ರ ಬೇಡ ಕಣೆ. ಕೋರ್ಟು ಗೀರ್ಟು ನನ್ನ ಕೈಲಾಗಲ್ಲ. ಈ ವಯಸ್ಸಲ್ಲಿ ಮನೆ ಕಳ್ಕೊಂಡು ಎಲ್ಲಿಗೆ ಹೋಗ್ಲಿ?" ಎಂದಳು. ರೇಲೀನ್ ಜಗತ್ತಿನಲ್ಲಿ ಯಾರ ಮಾತಿಗೂ ತಗ್ಗಿದವಳಲ್ಲ. ಮಿರ್ಯಾನಾಳ ಮಾತಿಗೆ ತಗ್ಗಿದಳು. ಹೊದಿಕೆಯ ಮೂಗಿನ ಮೇಲೆ ಹೆಸರಿಗೆಂದು ಬಿಟ್ಟಿದ್ದ ಜಾಗ ಖಾಲಿಯೇ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

ಮೇಳದ ಮೊದಲ ದಿನ ಬೆಳಿಗ್ಗೆ ಯೂ ಯಾಂಗ್ಸ್ ಗುಡ್ಡಗಳ ಕಡೆಯಿಂದ ಬಿಸಿಗಾಳಿ, ಜೊತೆಗೆ ನೊಣಗಳ ದಂಡು. ಸಾಲು ಸಾಲು ವಿಮಾನಗಳು ಫಳಫಳ ಹೊಳೆಯುತ್ತ ನಿಂತಿದ್ದವು. ಸಾಲಿನ ತುದಿಯಲ್ಲಿ ರೇಲೀನಳದು ಮಾತ್ರ ಬೂದು ಬಟ್ಟೆಯಲ್ಲಿ ಮೂಗಿನಿಂದ ಬಾಲದವರೆಗೆ ಮುಸುಕು ಹಾಕಿಕೊಂಡಿತ್ತು. ಕಿತ್ತಳೆ ಅಂಗಿಯ ಮೇಲ್ವಿಚಾರಕನೊಬ್ಬ ಓಡಿಬಂದ.

"ಅಮ್ಮಾ, ಗೇಟು ತೆಗೆಯೋ ಹೊತ್ತಾಯ್ತು. ಹೊದಿಕೆ ತೆಗೀರಿ."

"ಯಾಕೆ?"

"ಪ್ರದರ್ಶನದ ವಸ್ತು ಕಾಣ್ಬೇಕು ಅಂತ ನಿಯಮ ಇದೆ."

"ಕಾಣ್ತಾ ಇದೆಯಲ್ಲಪ್ಪ. ಮುಟ್ಟಿ ನೋಡು."

ಅವನು ವಿಮಾನವನ್ನೂ ಅವಳನ್ನೂ ಎರಡೆರಡು ಸಲ ನೋಡಿದ. "ಒಳಗೇನಿದೆ?"

"ಕ್ಲೈವಂದು ಒಂದು ಕೊಳಕು ವಿಮಾನ. ಅದು ಮಾರೋಕಿಲ್ಲ."

ಅವನು ತನ್ನ ಮೇಲಿನವರನ್ನು ಕರೆತಂದ, ಅವರು ತಮ್ಮ ಮೇಲಿನವರಿಗೆ ಫೋನ್ ಮಾಡಿದರು. ರೇಲೀನ್ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೊನೆಗೆ ಎಲ್ಲರೂ ಬಿಸಿಲು ತಾಳದೆ ಹೋದರು. ಅಂದು ನೋಡಿದವರಲ್ಲಿ ನಕ್ಕವರೇ ಹೆಚ್ಚು. ಕೆಲವರು ಮುಸುಕಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಕೊಳ್ಳುತ್ತೇನೆ ಎಂದವರು ಯಾರೂ ಇಲ್ಲ. ಸಂಜೆ ಮಿರ್ಯಾನಾ ಫ್ಲಾಸ್ಕಿನ ಚಹಾ ಬಗ್ಗಿಸುತ್ತ, "ನಾಳೆ ಟಿಕೆಟ್ ಇಡೋಣ. ನಗೋದಕ್ಕೂ ದುಡ್ಡು ಕೊಡ್ಲಿ" ಎಂದಳು.

ಮರುದಿನ ಬಂದು ನೋಡಿದರೆ ಹೊದಿಕೆ ಬೆನ್ನಿನ ಮೇಲೆ ತೂತಾಗಿತ್ತು. ಅಳತೆ ತೆಗೆದ ಮೇಲೆ ಕ್ಲೈವ್ ಅಲ್ಲೊಂದು ಹೊಸ ಆಂಟೆನಾ ಕೂರಿಸಿದ್ದ. ಅದನ್ನು ಹೇಳುವುದು ಅವನ ದಿನದ ನಾಲ್ಕು ಮಾತಿನಲ್ಲಿ ಸೇರಿರಲಿಲ್ಲ. ರಾತ್ರಿಯ ಗಾಳಿಗೆ ಬಟ್ಟೆ ಅದಕ್ಕೆ ಉಜ್ಜಿ ಹರಿದಿತ್ತು. ರೇಲೀನ್ ಅವನಿಗೆ ಎರಡು ಬೈಗುಳ ಹಾಕಿ, ಚರ್ಮದ ತುಂಡು ಹಿಡಿದು, ದಪ್ಪ ಸೂಜಿಯನ್ನು ಕೆಳಗೆ ಬೀಳದಂತೆ ಉದ್ದ ದಾರದಿಂದ ಮಣಿಕಟ್ಟಿಗೆ ಕಟ್ಟಿಕೊಂಡು, ರೆಕ್ಕೆಯ ಮೇಲೆ ಹತ್ತಿ ಕೂತಳು.

ಅರವತ್ತು ದಾಟಿದ ಹೆಂಗಸು ವಿಮಾನದ ಮೇಲೆ ಕೂತು ತೇಪೆ ಹಾಕುವುದನ್ನು ನೋಡಲು ಜನ ಸೇರಿದರು. ಹೊಸ ಜೆಟ್ಟಿನ ಮುಂದಿದ್ದವರೂ ಇತ್ತ ಬಂದರು. ಗುಂಪನ್ನು ಸೀಳಿಕೊಂಡು ಡಗ್ ಬಂದ.

"ಇದನ್ನೇ ಅಲ್ವಾ ನಾನು ಮಾಡು ಅಂದಿದ್ದು? ಆಗ ದೊಡ್ಡದಾಗಿ ಕಡ್ಲೆಬೀಜದ ಮಾತಾಡಿದ್ದೆ."

"ಆಗ ಬೋನು ನಿಂದಾಗ್ತಿತ್ತು ಡಗ್. ಈ ರೆಕ್ಕೆ ನಂದು." ಅಷ್ಟು ಹೇಳಿ, "ಮೇಳ ಮುಗಿಯೋ ತನಕ. ಆಮೇಲೆ ಕ್ಲೈವಂದು" ಎಂದು ಸೇರಿಸಿದಳು. ಗುಂಪು ನಕ್ಕಿತು.

ಗುಂಪಿನ ಮುಂದೆ ಗಿಡ್ಡನೆಯ, ಗಟ್ಟಿಮುಟ್ಟಾದ ಹೆಂಗಸೊಬ್ಬಳು ನಿಂತಿದ್ದಳು. ಹೆಗಲಲ್ಲಿ ಬಣ್ಣದ ನೂಲಿನಲ್ಲಿ ಹೆಣೆದ ಚೀಲ. ಪಪುವಾ ನ್ಯೂಗಿನಿಯ ಗೊರೋಕಾದಲ್ಲಿ ಬೆಟ್ಟದೂರುಗಳಿಗೆ ಹಾರುವ ಸಣ್ಣ ವಿಮಾನ ಕಂಪನಿ ನಡೆಸುವ ವೆರೋನಿಕಾ ಕೌಪಾ ಅವಳು. ಡಗ್ ಅವಳನ್ನೇ ಊಟಕ್ಕೆ ಕರೆದೊಯ್ಯಲು ಬಂದಿದ್ದ.

"ನಮ್ಮಲ್ಲಿ ವಿಮಾನ ಕಾಣೋದು ಹೀಗೇ" ಎಂದಳು ವೆರೋನಿಕಾ. "ಮಳೇಲಿ, ಹುಲ್ಲಿನ ಮೇಲೆ, ಮುಸುಕು ಹಾಕ್ಕೊಂಡು. ಬರೀ ಮೈಯಲ್ಲಿ ನಿಂತಿರೋದನ್ನ ಇಲ್ಲೇ ನೋಡಿದ್ದು." ಅಂಚನ್ನು ಮಗುಚಿ, ಒಳಗಿನ ಉಣ್ಣೆಯನ್ನು ಹಿಂಡಿ ನೋಡಿದಳು. "ಗಾಳಿ ಇದ್ದಾಗ ಒಬ್ಬನೇ ಹೊದಿಸ್ಬಹುದಾ?"

"ನೀನೇ ಹೊದಿಸಿ ನೋಡು. ಇದೊಂದು ಹೊಲಿಗೆ ಮುಗೀಲಿ" ಎಂದು ರೇಲೀನ್ ಸೂಜಿಯನ್ನು ಚರ್ಮದೊಳಗೆ ಒತ್ತಿದಳು. ಸೂಜಿ ಟಕ್ಕೆಂದು ಮುರಿಯಿತು. ಕಣ್ಣಿನ ಕಡೆಯ ತುಂಡು ಮಣಿಕಟ್ಟಿನಿಂದ ಜೋತಾಡಿತು. ಮೊನೆ ಎಲ್ಲಿ ಹೋಯಿತೋ ಕಾಣಲಿಲ್ಲ.

"ಯಾರೂ ಕಾಲೆತ್ತಬೇಡಿ" ಎಂದಳು ರೇಲೀನ್.

ಕಾರು ಕಾರ್ಖಾನೆಯ ಹೊಲಿಗೆ ಸಾಲಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಸೂಜಿ ಮುರಿದರೆ ಅದರ ಎಲ್ಲ ಚೂರೂ ಸಿಗುವವರೆಗೆ ಆ ಸೀಟು ಅಲ್ಲಿಂದ ಕದಲುವಂತಿಲ್ಲ. ಯಾರದೋ ತೊಡೆಗೆ ಚುಚ್ಚಬಾರದಲ್ಲ. ಕಾರ್ಖಾನೆ ಹೋದರೂ ಆ ಕಟ್ಟುನಿಟ್ಟು ಈ ಇಬ್ಬರ ಕೈಯಲ್ಲಿ ಉಳಿದಿತ್ತು. ಮಿರ್ಯಾನಾ ಆಗಲೇ ಸಿಮೆಂಟಿನ ಮೇಲೆ ಮಂಡಿಯೂರಿದ್ದಳು.

"ಅಕ್ಕಿಕಾಳಷ್ಟು ಮೊನೆ ಕಣಮ್ಮ" ಎಂದ ಡಗ್. "ಆ ಹೊದಿಕೆ ಮಡಚಿಡು, ಬೇರೆ ತೋರಿಸು. ಇವರಿಗೆ ಊಟಕ್ಕೆ ಹೊತ್ತಾಯ್ತು."

"ಬೇರೆ ಇಲ್ಲ. ಇದ್ರಲ್ಲಿ ಮೊನೆ ಇದೆಯೋ ಇಲ್ವೋ ಗೊತ್ತಾಗೋ ತನಕ ಯಾರ ಕೈಗೂ ಕೊಡಲ್ಲ. ಊಟಕ್ಕೆ ಹೋಗೋರು ಹೋಗ್ಲಿ."

ಗಿರಾಕಿಯನ್ನು ತಾನೇ ಓಡಿಸುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಎರಡು ದಿನದಲ್ಲಿ ಬಂದ ಒಬ್ಬಳೇ ಗಿರಾಕಿ. ಆದರೂ ಅವಳು ತಲೆಯೆತ್ತಲಿಲ್ಲ, ಅಂಗುಲ ಅಂಗುಲವಾಗಿ ಉಣ್ಣೆ ತಡವುತ್ತ ಹೋದಳು. ಜನ ಒಬ್ಬೊಬ್ಬರಾಗಿ ಚದುರಿದರು. ವೆರೋನಿಕಾ ಡಗ್‌ನನ್ನು ನೋಡಿದಳು, ಗಡಿಯಾರ ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು ತಾನೂ ಕುಕ್ಕರಗಾಲಲ್ಲಿ ಕೂತಳು.

"ನಮ್ಮೂರಿನ ರನ್‌ವೇಲಿ ವಿಮಾನ ಇಳಿಯೋಕೆ ಮುಂಚೆ ಕಲ್ಲು ಹೆಕ್ಕೋಳು ನಾನೇ ಆಗಿದ್ದೆ, ಚಿಕ್ಕೋಳಿದ್ದಾಗ" ಎಂದಳು.

ಮೂವರೂ ಹುಡುಕಿದರು. ಡಗ್ ನೊಣ ಓಡಿಸುತ್ತ ನಿಂತಿದ್ದ. ಕೊನೆಗೆ ಮಿರ್ಯಾನಾ "ಅಯ್ಯಮ್ಮ" ಎಂದು ಬೆರಳು ಬಾಯಿಗಿಟ್ಟುಕೊಂಡಳು. ಮೊನೆ ಉಣ್ಣೆಯ ಪದರದೊಳಗೆ ಹೂತು ಕೂತಿತ್ತು. ರೇಲೀನ್ ಎರಡು ತುಂಡನ್ನೂ ಅಂಗೈಯಲ್ಲಿ ಜೋಡಿಸಿ, ನಡುವೆ ಚೂರು ಉಳಿದಿಲ್ಲವೆಂದು ನೋಡಿಕೊಂಡು, ತೇಪೆ ಮುಗಿಸಿದಳು. ಆಮೇಲೆ ಹೊದಿಕೆ ಬಿಚ್ಚಿ ವೆರೋನಿಕಾಳ ಕೈಗಿಟ್ಟಳು. ಆ ಗಾಳಿಯಲ್ಲಿ ಆ ಗಿಡ್ಡ ಹೆಂಗಸು ಒಬ್ಬಳೇ, ಯಾರ ನೆರವೂ ಇಲ್ಲದೆ, ಇಡೀ ವಿಮಾನಕ್ಕೆ ಹೊದಿಸಿ ಪಟ್ಟಿ ಬಿಗಿದಳು.

"ನಂಗೆ ಆರು ವಿಮಾನಕ್ಕೆ ಬೇಕು. ಆದ್ರೆ ಇದರ ಮೇಲೆ ಯಾರ ಹೆಸರೂ ಇಲ್ವಲ್ಲ?"

"ಫೆನ್ನರ್ ಅಂತ ಬರುತ್ತೆ ಮೇಡಂ" ಎಂದ ಡಗ್, ತಡಮಾಡದೆ. "ನಮೂನೆ ನಮ್ಮದೇ."

"ಹರಿದ್ರೆ ಯಾರಿಗೆ ಬಯ್ಯಬೇಕು ಅಂತ ನನ್ನ ಹುಡುಗರಿಗೆ ಗೊತ್ತಾಗ್ಬೇಕು. ಅದಕ್ಕೆ ಕೇಳಿದ್ದು" ಎಂದಳು ವೆರೋನಿಕಾ.

ಡಗ್ ರೇಲೀನಳ ಬಳಿ ಸರಿದು ದನಿ ತಗ್ಗಿಸಿದ. "ಆರು ಹೊದಿಕೆ ಎಷ್ಟು ದಿನದ ಅನ್ನ ಹೇಳು? ನಾನು ಮೂರು ವರ್ಷದ ಕೆಲಸ ಕೊಡ್ತೀನಿ. ಮಿರ್ಯಾನಾಗೂ ಸೇರಿಸಿ. ನೀನೇನೂ ಹೇಳ್ಬೇಡ, ಸುಮ್ನೆ ಇದ್ದುಬಿಡು ಸಾಕು."

ರೇಲೀನ್ ಮಿರ್ಯಾನಾಳನ್ನು ನೋಡಿದಳು. ಸುಮ್ಮನಿದ್ದರೆ ಶೆಡ್ಡು ಉಳಿಯುತ್ತದೆ. ಇಲ್ಲದಿದ್ದರೆ ತನ್ನ ಮನೆಯೊಂದೇ ಅಲ್ಲ, ಮಿರ್ಯಾನಾಳದೂ ಹೋಗಬಹುದು. ತನ್ನ ಪಂತಕ್ಕೆ ಇವಳನ್ನು ಬಲಿ ಕೊಡುವ ಹಕ್ಕು ತನಗಿಲ್ಲ ಎಂದು ಅವಳಿಗೆ ಅನಿಸಿತು.

ಮಿರ್ಯಾನಾ ಚುಚ್ಚಿದ ಬೆರಳನ್ನು ಬಾಯಿಂದ ತೆಗೆದಳು. ನೂಲಿನ ಪೆಟ್ಟಿಗೆ ತೆರೆದಳು.

"ಯಾವ ಬಣ್ಣ ಕೊಡ್ಲಿ?" ಎಂದು ಕೇಳಿದಳು.

ರೇಲೀನ್ ಸೂಜಿ ಕೈಗೆತ್ತಿಕೊಂಡಳು. "ದೂರದಿಂದ ಕಾಣೋದು" ಎಂದಳು.

ಹಳದಿ ನೂಲು ಪೋಣಿಸಿ, ಏಣಿ ಹಾಕಿಕೊಂಡು, ಮೂಗಿನ ಮೇಲಿನ ಖಾಲಿ ಜಾಗದಲ್ಲಿ ಅವಳು ಹೊಲಿಯತೊಡಗಿದಳು. ಡಗ್ ಕೋರ್ಟು ಎಂದ. ವಕೀಲ ಎಂದ. ಇನ್ನೊಮ್ಮೆ ಕೋರ್ಟು ಎಂದ. "ಬರ್ತೀನಿ ಹೋಗು, ಅಲ್ಲೂ ಹೊಲೀತಾ ಕೂತಿರ್ತೀನಿ" ಎಂದಳು ರೇಲೀನ್, ತಿರುಗದೆ. ಅಂಗೈಯಗಲದ ಅಕ್ಷರಗಳು, ಮೊದಲು ಅವಳ ಹೆಸರು, ಅದರ ಕೆಳಗೆ ಮಿರ್ಯಾನಾಳದು, ಅದರ ಕೆಳಗೆ ಶೆಡ್ಡಿನ ಫೋನ್ ನಂಬರು. ಚದುರಿದ್ದ ಜನ ಮತ್ತೆ ಸೇರಿದರು. ಕಿತ್ತಳೆ ಅಂಗಿಯವನೂ ಬಂದು ಏಣಿ ಹಿಡಿದುಕೊಂಡ.

ಮುಗಿಯುವವರೆಗೂ ಡಗ್ ಅಲ್ಲೇ ಇದ್ದ. ಹೋಗುವಾಗ, "ಅಕ್ಷರ ಸೊಟ್ಟಗಿದೆ" ಎಂದ.

"ಇರುತ್ತೆ" ಎಂದಳು ರೇಲೀನ್. "ನನ್ನ ಹೆಸರು ನಾನು ಹೊಲಿದಿದ್ದು ಇದೇ ಮೊದ್ಲು."