ಪಂಚಾಕ್ಷರಪ್ಪನವರ ಇಂಗ್ಲಿಷ್ ಲ್ಯಾಪ್‌ಟಾಪ್

ನಮ್ಮ ಹಗರಿಬೊಮ್ಮನಹಳ್ಳಿಯ ಖಾಸಗಿ ಕಾಲೇಜಿನಲ್ಲಿ ಜವಾನರಾಗಿ ಸೇರಿ ಕಚೇರಿ ಸೂಪರಿಂಟೆಂಡೆಂಟ್ ಆದವರು ಪಂಚಾಕ್ಷರಪ್ಪನವರು. ಅದೇನು ಸಣ್ಣ ಸಾಧನೆಯಲ್ಲ, ನಾನು ಅಲ್ಲಗಳೆಯುವುದೂ ಇಲ್ಲ. ಅವರು ಕನ್ನಡದಲ್ಲಿ ಬರೆದ ಪತ್ರದಲ್ಲಿ ಎಂಥವನೂ ತಪ್ಪು ಹುಡುಕಲಾರ. ಆದರೆ ತಮಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಒಂದು ಮಾತು ಹೇಳಲು ಮಾತ್ರ ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಇಂಗ್ಲಿಷ್ ಪತ್ರ ಬಂದರೆ ಮೇಲಿನಿಂದ ಕೆಳಗಿನವರೆಗೆ ಗಂಭೀರವಾಗಿ ಕಣ್ಣಾಡಿಸಿ, “ಇದ್ರಾಗ ಹೊಸಾದೇನಿಲ್ಲ, ನೀವ ನೋಡಿ ಮುಗಸ್ರಿ” ಎಂದು ಪಕ್ಕದ ಮೇಜಿನ ಗುಮಾಸ್ತನಾದ ನನ್ನ ಕಡೆ ತಳ್ಳುತ್ತಿದ್ದರು. ಹೊಸದೇನಿಲ್ಲದ ಪತ್ರಗಳನ್ನು ಓದಿ ಓದಿ ನನ್ನ ಕಣ್ಣು ಸವೆದವು.

2006ರಲ್ಲಿ ಪ್ರಾಂಶುಪಾಲರು ಹೊಸ ಲ್ಯಾಪ್‌ಟಾಪ್ ತಂದುಕೊಂಡು ಹಳೆಯದನ್ನು ಇವರಿಗೆ ದಾಟಿಸಿದರು. ಅಂದಿನಿಂದ ಇವರ ನಡಿಗೆಯೇ ಬದಲಾಯಿತು. ಮನೆ ಕಾಲೇಜಿನ ಹಿಂದೆಯೇ ಇದ್ದರೂ, ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣ ಸುತ್ತಿಕೊಂಡೇ ಬರುತ್ತಿದ್ದರು. ಕಚೇರಿಯ ಡೆಸ್ಕ್‌ಟಾಪ್ ಗುಮಾಸ್ತರದು, ಲ್ಯಾಪ್‌ಟಾಪ್ ಸಾಹೇಬರದು ಎಂದು ಯಂತ್ರಗಳಿಗೂ ಜಾತಿ ಹಚ್ಚಿದರು. ಟೈಪ್ ಮಾಡುವುದು ಡೆಸ್ಕ್‌ಟಾಪಿನಲ್ಲಿ, ಈಮೇಲ್ ಕಳಿಸುವುದು ಮಾತ್ರ ಲ್ಯಾಪ್‌ಟಾಪಿನಿಂದ. “ದೊಡ್ಡ ಮಂದಿಗೆ ಹೋಗೋ ಪತ್ರ ದೊಡ್ಡ ಮಷೀನಿನಿಂದ ಹೋಗ್ಬೇಕ್ರಿ” ಎನ್ನುತ್ತಿದ್ದರು. ಅದು ನಿಜಕ್ಕೂ ಸಣ್ಣ ಮಷೀನು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅವರ ಮಗಳು ಗೀತಾಂಜಲಿ ತಂಬ್ರಹಳ್ಳಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ದಿನಾ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದರೂ ಆ ಕೆಲಸವೆಂದರೆ ಅವಳಿಗೆ ಜೀವ. ಅಷ್ಟರಲ್ಲಿ ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಕೊಟ್ರಸ್ವಾಮಿಯವರಿಂದ ಸಂಬಂಧ ಬಂತು. ಹುಡುಗ ಅವರ ಮಗ ಗವಿಸಿದ್ದೇಶ್, ಬಿ.ಕಾಂ. ಮಾಡಿದವನು. ಸೊಸೆಯಾದವಳು ಹೊರಗೆ ದುಡಿಯಕೂಡದು ಎಂಬುದು ಅವರ ಷರತ್ತು, ಹುಡುಗಿಯ ಬಯೋಡೇಟಾ ಈಮೇಲಿನಲ್ಲೇ ಬರಬೇಕು ಎಂಬುದು ಅವರ ಠೀವಿ. ಪಂಚಾಕ್ಷರಪ್ಪನವರು ಕಚೇರಿಯಲ್ಲೇ ಕುಳಿತು ಅಚ್ಚ ಕನ್ನಡದಲ್ಲಿ ಬಯೋಡೇಟಾ ಟೈಪ್ ಮಾಡಿದರು. ಕೊನೆಯ ಸಾಲು: “ವಿವಾಹಾನಂತರ ಕನ್ಯೆಯು ಉದ್ಯೋಗ ತ್ಯಜಿಸಲು ಸಿದ್ಧಳಿದ್ದಾಳೆ.” ಕನ್ಯೆಯನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ತೆರೆದರು. ಡೆಸ್ಕ್‌ಟಾಪಿನಲ್ಲಿದ್ದ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳು ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಹಾಗಾಗಿ ಕನ್ನಡವೆಲ್ಲ ಕಲಸಿಹೋಗಿ, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು, ಇನ್ನೇನೇನೋ ಹಾಳುಮೂಳು ಪರದೆ ತುಂಬ ಸಾಲುಗಟ್ಟಿದ್ದವು.

“ಗೀತಾ, ಬಾ ಇಲ್ಲಿ! ಕನ್ನಡದಾಗ ಬರ್ದಿದ್ದೆ, ಲ್ಯಾಪ್‌ಟಾಪು ತಾನ ಇಂಗ್ಲಿಷ್ ಮಾಡೇತಿ ನೋಡು!”

ಗೀತಾಂಜಲಿಗೆ ನೋಡಿದ ಕೂಡಲೇ ಗೊತ್ತಾಯಿತು. ಸರಿಮಾಡಲು ಐದು ನಿಮಿಷವೂ ಬೇಕಿರಲಿಲ್ಲ. ಆದರೆ ಕೊನೆಯ ಸಾಲು ಏನೆಂದು ತಾಯಿಯಿಂದ ಅವಳ ಕಿವಿಗೆ ಬಿದ್ದಿತ್ತು. “ಹೌದಪ್ಪ, ಬಾಳ ಛಂದ ಮಾಡೇತಿ” ಎಂದು ಅವಳೇ ಈಮೇಲ್ ಕಳಿಸಿಬಿಟ್ಟಳು. ಮರುದಿನ ಬಸ್ ನಿಲ್ದಾಣದಲ್ಲಿ ನನಗೆ ಹೇಳಿ ನಕ್ಕಳು: “ಓದಾಕ ಬರಲಿಲ್ಲಂದ್ರ ತಾವ ಬಿಡ್ತಾರ, ಕಾಕಾ. ನನ್ನ ಸಾಲಿ ಕೆಲಸ ಉಳೀತು.”

ಅವಳು ಗಂಡಿನ ಕಡೆಯವರನ್ನು ಕಡಿಮೆ ಅಂದಾಜು ಮಾಡಿದ್ದಳು. ಸಂಜೆಯೊಳಗೆ ಕೊಟ್ರಸ್ವಾಮಿಯವರ ಫೋನು ಬಂತು. “ಇಂಗ್ಲಿಷ್ ಬಯೋಡೇಟಾ ಬಾಳ ಪಸಂದಾತ್ರಿ. ಇಂಥಾ ಇಂಗ್ಲಿಷ್ ನಮ್ಮ ಕಡೆ ಯಾರೂ ಬರಿಯಂಗಿಲ್ಲ.” ಕೊನೆಯ ಮಾತು ನಿಜವೇ ಆಗಿತ್ತು.

ಭಾನುವಾರ ಹೆಣ್ಣು ನೋಡುವ ಶಾಸ್ತ್ರ. ಲ್ಯಾಪ್‌ಟಾಪ್ ನೋಡಿ ಬೆರಗಾಗಲು ಊರಿನ ಒಬ್ಬನಾದರೂ ಬೇಕಲ್ಲ ಎಂದು ನನ್ನನ್ನೂ ಕರೆದಿದ್ದರು. ಕಸೂತಿ ಬಟ್ಟೆ ಹಾಸಿದ ಟೀಪಾಯಿಯ ಮೇಲೆ ಅದು ತೆರೆದ ಬಾಯಿ ತೆರೆದಂತೆಯೇ ಕುಳಿತಿತ್ತು. ಗವಿಸಿದ್ದೇಶ್ ಬಯೋಡೇಟಾವನ್ನು ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಬೇರೆ ಮಾಡಿಸಿ ತಂದಿದ್ದ. ಶಿರಾ, ಮಂಡಕ್ಕಿ ಮುಗಿದವು. ತಲೆ ತಗ್ಗಿಸಿ ಕುಳಿತಿದ್ದ ಗೀತಾಂಜಲಿ ಮೆಲ್ಲಗೆ ಹೇಳಿದಳು:

“ಅದನ್ನೊಂದಿಷ್ಟು ಓದ್ರಿ, ಎಲ್ಲಾರೂ ಕೇಳೋಣ.”

“ಓದ್ರಿ ಓದ್ರಿ!” ಎಂದರು ಪಂಚಾಕ್ಷರಪ್ಪನವರು, ಸಂತೋಷಕ್ಕೆ ಮೇರೆಯಿಲ್ಲದೆ.

ಈಗ ಸಿಕ್ಕಿಬಿದ್ದ ಎಂದುಕೊಂಡೆ ನಾನು. ಆದರೆ ಹುಡುಗ ಒಮ್ಮೆ ಅಪ್ಪನ ಮುಖ ನೋಡಿ, ಗಂಟಲು ಸರಿಮಾಡಿಕೊಂಡು, ಹಾಳೆಯ ಮೇಲೆ ಬೆರಳಾಡಿಸುತ್ತ ನಿರರ್ಗಳವಾಗಿ ಶುರುಮಾಡಿದ. “ಗರ್ಲ್ ಈಸ್ ಫೇರ್. ಹೋಮ್ಲಿ. ಗುಡ್ ಕುಕಿಂಗ್. ರೆಸ್ಪೆಕ್ಟಿಂಗ್ ಎಲ್ಡರ್ಸ್. ಆಫ್ಟರ್ ಮ್ಯಾರೇಜ್, ಗರ್ಲ್ ವಿಲ್ ಲೀವ್ ಜಾಬ್.”

“ಕರೆಕ್ಟ್!” ಪಂಚಾಕ್ಷರಪ್ಪನವರು ತೊಡೆ ತಟ್ಟಿದರು. “ನಾ ಬರ್ದಿದ್ದೂ ಅದ!”

ಹೆಣ್ಣುಮಗಳ ಬಯೋಡೇಟಾ ಎಂದರೆ ಅಕ್ಷರ ಕೆಟ್ಟು ಕೆರ ಹಿಡಿದರೂ ಓದಬಹುದಾದ ವಸ್ತು ನೋಡಿ.

ಗೀತಾಂಜಲಿ ಎದ್ದಳು. ಪೆನ್‌ಡ್ರೈವಿನಲ್ಲಿ ತಂದಿಟ್ಟುಕೊಂಡಿದ್ದ ನುಡಿಯನ್ನು ಲ್ಯಾಪ್‌ಟಾಪಿಗೆ ಹಾಕಿ, ಅದೇ ಬಯೋಡೇಟಾ ಮತ್ತೆ ತೆರೆದು ಎಲ್ಲರ ಕಡೆ ತಿರುಗಿಸಿದಳು. ಪರದೆಯ ಮೇಲೆ ಅಚ್ಚ ಕನ್ನಡ. ಕೊಟ್ರಸ್ವಾಮಿಯವರು ಪರದೆ ನೋಡಿದರು, ಹಾಳೆ ನೋಡಿದರು, ಮಗನನ್ನು ನೋಡಿದರು.

“ಇದು ಇಂಗ್ಲಿಷೂ ಅಲ್ಲ, ಯಾವ ಭಾಷಿನೂ ಅಲ್ಲ. ಅಕ್ಷರ ಕೆಟ್ಟಿದ್ವು ಅಷ್ಟ” ಎಂದಳು ಗೀತಾಂಜಲಿ. “ಓದಾಕ ಬರದಿದ್ದನ್ನ ಓದಿಬಿಟ್ರಿ. ನಾಳೆ ನಾ ಆಡದ ಮಾತನ್ನೂ ಆಡ್ಯಾಳ ಅಂತೀರಿ.”

ಗವಿಸಿದ್ದೇಶ್ ಪರದೆಯ ಕೊನೆಯ ಸಾಲಿಗೆ ಬೆರಳಿಟ್ಟ. “ಅಲ್ರಿ, ಕೆಲಸ ಬಿಡೋದು ಇಲ್ಲೂ ಬರ್ದೈತಲ್ಲ?”

“ಅದು ಅಪ್ಪ ಬರ್ದಿದ್ದು. ನನ್ನ ಕೇಳ್ರಿ, ಹೇಳ್ತೀನಿ. ನಾ ಕೆಲಸ ಬಿಡಂಗಿಲ್ಲ.”

ಹಾಗೆಂದವಳೇ ಬಗ್ಗಿ, ಎಲ್ಲರೂ ನೋಡುತ್ತಿರುವಂತೆ ಆ ಸಾಲನ್ನು ಅಳಿಸಿದಳು. ಪಂಚಾಕ್ಷರಪ್ಪನವರ ಬಾಯಿಂದ ಕನ್ನಡವೂ ಹೊರಡಲಿಲ್ಲ. ಬಂದವರು ಎಲೆಅಡಿಕೆಗೂ ಕೈಹಚ್ಚದೆ ಎದ್ದುಹೋದರು.

ಸೋಮವಾರ ಕಚೇರಿಯಲ್ಲಿ ಮಂದಿ ಸಂಬಂಧ ಏನಾಯಿತೆಂದು ಕೇಳಿದರು. ಪಂಚಾಕ್ಷರಪ್ಪನವರು ನನ್ನ ಕಡೆ ಕಣ್ಣೆತ್ತದೆ ಉತ್ತರ ಕೊಟ್ಟರು: “ನಾನ ಬ್ಯಾಡಂದೆ. ಹುಡುಗಗ ಇಂಗ್ಲಿಷ್ ಸಾಲದ್ರಿ.”

ಅವರ ಮಗಳು ಆಗಲೇ ತಂಬ್ರಹಳ್ಳಿಯ ಬಸ್ಸು ಹತ್ತಿ ಹೋಗಿದ್ದಳು.