ಉಂಡೀನಿ ಅಂದ ಕೊರಿಯಾದ ಅತಿಥಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ಬಳ್ಳೊಳ್ಳಿ ಖಾರ ಕುಟ್ಟುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಕೊರಿಯಾದ ಕಿಮ್ ನೆನಪಾದರು. ನಗಬೇಡಿ, ಕಾರಣ ಹೇಳುತ್ತೇನೆ.

ಆಗ ನಾನು ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅಕ್ಕಿಯಿಂದ ಕಪ್ಪು ಕಾಳು ಆರಿಸುವ ಹೊಸ ಯಂತ್ರ ಕೂಡಿಸಲು ಬಂದ ಕಿಮ್, ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಇಳಿದುಕೊಂಡರು. ಅವರು ಬರುತ್ತಾರೆಂದು ತಿಳಿದಾಗಿನಿಂದ ನಾನು ಮೊಬೈಲಿನಲ್ಲಿ ಕೊರಿಯನ್ ಕಲಿಯಲು ಕೂತಿದ್ದೆ. ಕಲಿತದ್ದು ಅಂಗೈಯಗಲ, ಜಂಬ ಮಾತ್ರ ಊರಗಲ.

ಆದರೆ ಭಾರಿ ಖುಷಿಯಾಗಿತ್ತು ನೋಡಿ. ಅವರೂ ನಮ್ಮ ಹಾಗೆ 'ನಾನು ಅನ್ನ ಉಂಡೆ' ಎಂದು ಕ್ರಿಯಾಪದವನ್ನು ಕೊನೆಗಿಟ್ಟೇ ಮಾತು ಜೋಡಿಸುತ್ತಾರೆ. ನಾವು 'ರೀ' ಹಚ್ಚದೆ ಮಾತು ಮುಗಿಸುವುದಿಲ್ಲ, ಅವರು 'ಯೋ' ಹಚ್ಚದೆ ಮುಗಿಸುವುದಿಲ್ಲ. ಅಪ್ಪನನ್ನು ಅಪ್ಪಾ ಎಂದೇ ಕರೆಯುತ್ತಾರೆ! ಬಂದವನೋ ಬಂದವಳೋ ಎಂಬುದು ಮಾತ್ರ ಅವರ ಕ್ರಿಯಾಪದದಲ್ಲಿ ತಿಳಿಯದು. ಇನ್ನು ಎದುರಿಗೆ ಸಿಕ್ಕವರನ್ನು ಊಟ ಆಯಿತೇ ಎಂದು ಕೇಳುವ ರೂಢಿ ಅಲ್ಲಿಯೂ ಇದೆ.

ನಾನು ಎಡವಿದ್ದು ಇಲ್ಲಿಯೇ. ದಿನಾ ಅವ್ವ, "ಊಟ ಆತೇನು ಕೇಳೋ ಅವ್ರನ್ನ" ಎನ್ನುತ್ತಿದ್ದಳು. ನಾನು ಕೇಳುತ್ತಿದ್ದೆ. ಕಿಮ್ ಸೊಂಟ ಬಾಗಿಸಿ, ಆಯಿತು ಎನ್ನುತ್ತಿದ್ದರು. "ಉಂಡಾರಂತವ್ವ" ಎಂದು ಒಂದಕ್ಷರ ತಪ್ಪದೆ ಅನುವಾದಿಸುತ್ತಿದ್ದೆ. ಹೋಟೆಲಿನಲ್ಲಿ ಉಣ್ಣುತ್ತಾರೆಂದು ನಾವು ಸುಮ್ಮನಿದ್ದೆವು. ನಾಲ್ಕನೆಯ ದಿನ ಕಿಮ್ ಯಂತ್ರದ ಪಕ್ಕದಲ್ಲೇ ತಲೆಸುತ್ತಿ ಕುಸಿದರು. ಕೋಣೆಯಲ್ಲಿ ನೋಡಿದರೆ ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಖಾಲಿ ಪಾಕೀಟು, ಅಷ್ಟೇ. ಹೋಟೆಲಿನ ಕಡೆ ಅವರು ಹೋಗಿಯೇ ಇರಲಿಲ್ಲ.

ಅವ್ವ ನನ್ನನ್ನು ನುಂಗುವಂತೆ ನೋಡಿದಳು. "ಏನ್ ಭಾಷಾ ಕಲ್ತಿಯೋ ನೀ? ಸಂಕೋಚಕ್ಕ ಉಂಡೀನಿ ಅಂತಾರ. ನಾವು ಬೀಗರ ಮನ್ಯಾಗ ಹಂಗ ಅನ್ನೂದಿಲ್ಲೇನು? ಕೇಳಿ ಸುಮ್ನಾದ್ರ ಆತೇನು, ತಾಟ ಇಡಬೇಕಪಾ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದವರನ್ನು ಉಪವಾಸ ಕೆಡವಿದ್ದು ನನ್ನ ಪಾಂಡಿತ್ಯವೇ.

ಸಂಜೆ ಅವ್ವ ಕಿಮ್ ಮುಂದೆ ಜೋಳದ ರೊಟ್ಟಿ, ಪುಂಡಿ ಪಲ್ಯ, ಬಳ್ಳೊಳ್ಳಿ ಖಾರ ಇಟ್ಟಳು. ಅವರು ಬೇಡವೆಂದು ಕೈಯಾಡಿಸಿದರು. ನಾನು ಅನುವಾದಿಸಲು ಬಾಯಿ ತೆರೆದೆ. "ನೀ ಬಾಯಿ ಮುಚ್ಚು" ಎಂದಳು. ಮೊದಲ ತುತ್ತಿಗೇ ಅವರ ಕಣ್ಣು ತುಂಬಿತು. ಖಾರಕ್ಕೋ, ಬಳ್ಳೊಳ್ಳಿಯಿಲ್ಲದೆ ಉಣ್ಣದ ತಮ್ಮ ಮನೆಯವರ ನೆನಪಿಗೋ. ನಾಲ್ಕು ರೊಟ್ಟಿ ತಿಂದರು. ಆಮೇಲೆ ಅವರಿರುವಷ್ಟು ದಿನವೂ ಇಬ್ಬರೂ ತಂತಮ್ಮ ಭಾಷೆಯಲ್ಲೇ ಹರಟಿದರು. ನನ್ನನ್ನು ಯಾರೂ ಕರೆಯಲಿಲ್ಲ. ಮಾತು ತಿಳಿಯದಿದ್ದರೂ ಜೊತೆಗೆ ಕೂತು ಉಣ್ಣಬಹುದೆಂದು ತೋರಿಸಿದ ಆ ಇಬ್ಬರಿಗೂ ನಾನು ಋಣಿ.

ಈಗ ಅವ್ವನಿಗೆ ಕಿವಿ ಕೇಳಿಸುವುದಿಲ್ಲ. ಹೇಳಿದ್ದನ್ನೇ ಕೂಗಿ ಹೇಳಿ ಸಿಡುಕುತ್ತೇನೆ. ಮಾತೇ ಮುಟ್ಟದ ಮೇಲೆ ಜೊತೆಗೆ ಕೂತು ಏನು ಮಾಡುವುದೆಂದು, ಈಚೆಗೆ ಉಣ್ಣುವುದೂ ಬೇರೆ ಬೇರೆಯಾಗಿತ್ತು. ಇವತ್ತು ಕಿಮ್ ನೆನಪಾದ ಮೇಲೆ, ಉಣ್ಣುತ್ತಿದ್ದ ಅವಳ ಪಕ್ಕದಲ್ಲಿ ಹೋಗಿ ಕೂತೆ.

"ಉಂಡಿಯೇನೋ?" ಎಂದಳು.

"ಉಂಡೀನವ್ವ."

ಅದು ಅವಳಿಗೆ ಕೇಳಿಸಲಿಲ್ಲ. ತನ್ನ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟಳು.