ಸಣ್ಣೇಗೌಡರ ಲಿವರ್
ನಮ್ಮ ಚನ್ನರಾಯಪಟ್ಟಣದ ಗೊಬ್ಬರದಂಗಡಿ ಸಣ್ಣೇಗೌಡರಲ್ಲಿ ಸಣ್ಣದೆಂದರೆ ಹೆಸರು ಮಾತ್ರ. ಹೊಟ್ಟೆ ಮೊದಲು ಅಂಗಡಿಗೆ ಬರುತ್ತದೆ, ಗೌಡರು ಆಮೇಲೆ. ಲಿವರ್‌ಗೆ ಕೊಬ್ಬು ಕೂತಿದೆ, ಇನ್ಸುಲಿನ್ ಬೇಕಾದಷ್ಟಿದ್ದರೂ ಮೈ ಅದರ ಮಾತು ಕೇಳುತ್ತಿಲ್ಲ ಎಂದು ಹಾಸನದ ಡಾಕ್ಟರು ಹೇಳಿದಾಗ, "ನಮ್ಮನೇಲೂ ಅಂಗೇ ಸಾ, ನಾನಿದ್ದೀನಿ, ಮಾತ್ ಕೇಳೋರೇ ಇಲ್ಲ" ಎಂದು ನಕ್ಕರಂತೆ. ಊಟ ಕಮ್ಮಿ ಮಾಡಿ, ನಡೆಯಿರಿ, ಮಾತ್ರೆ ನುಂಗಿ ಎಂದರೆ ಮೊದಲೆರಡನ್ನು ಡಾಕ್ಟರಿಗೇ ಬಿಟ್ಟು ಮಾತ್ರೆಯೊಂದನ್ನು ತಂದರು. ಈಗ ಯಾವ ಮದುವೆಯಲ್ಲೂ ಎಲೆಯ ತುದಿಯಲ್ಲಿ ಉಪ್ಪಿನ ಪಕ್ಕ ಮಾತ್ರೆ ಇಟ್ಟುಕೊಂಡೇ ಕೂರುತ್ತಾರೆ. "ಮಾತ್ರೆ ಐತೆ ಕಣ್ಲಾ, ಇನ್ನೊಂದ್ ಹೋಳ್ಗೆ ಹಾಕು, ತುಪ್ಪಕ್ಕೆ ಯೋಚ್ನೆ ಮಾಡ್ಬ್ಯಾಡ" ಎಂದು ಬಡಿಸುವವನಿಗೇ ಧೈರ್ಯ ಹೇಳುತ್ತಾರೆ. ಆದರೆ ಲಿವರ್ ಎಂದ ಕೂಡಲೇ ಯಾರಾದರೂ "ದಿನಾ ಎಷ್ಟ್ ಆಕ್ತೀರಾ ಗೌಡ್ರೇ?" ಎಂದು ಕಣ್ಣು ಮಿಟುಕಿಸಿದರೆ ಕೆಂಡವಾಗುತ್ತಾರೆ. ಅವರ ಅಪ್ಪ ಕುಡಿದು ಕುಡಿದೇ ಲಿವರ್ ಕೆಟ್ಟು ಸತ್ತವರು. ಅವತ್ತು ಹೆಂಡ ಮುಟ್ಟುವುದಿಲ್ಲವೆಂದು ಅವ್ವನ ಕೈ ಮುಟ್ಟಿ ಆಣೆ ಮಾಡಿದ ಮೇಲೆ, ನೆಂಟರ ಗಂಡಸರೆಲ್ಲ ಬಾಟಲಿ ಹಿಡಿದು ಛತ್ರದ ಹಿಂದಕ್ಕೆ ಹೋದಾಗಲೆಲ್ಲ ಇವರು ಎಲೆಯ ಮುಂದೆಯೇ ಉಳಿದು ಹೋಳಿಗೆ ತಿಂದರು. ಹಾಸನದಿಂದ ಬಂದ ಸಂಜೆ ಲಿವರ್ ಎಂಬ ಮಾತು ಕಿವಿಗೆ ಬಿದ್ದದ್ದೇ, ಮುದುಕಿ ಅವ್ವ ಏನೂ ಕೇಳದೆ ಮಗನನ್ನು ಹತ್ತಿರ ಕರೆದಳು. ಊರಿನ ಮೇಲೆಲ್ಲ ರೇಗುವ ಗೌಡರು ತೆಪ್ಪಗೆ ಮಂಡಿಯೂರಿ ಬಾಯಿ ತೆರೆದರು. ಅವ್ವ ಬಗ್ಗಿ ಮೂಸಿದಳು, ಇನ್ನೊಮ್ಮೆ ಮೂಸಿದಳು, ಆಮೇಲೆ ಅವರ ತಲೆ ಸವರಿ ಕಣ್ಣೊರೆಸಿಕೊಂಡಳು. "ಏಳ್ ಮಗಾ," ಎಂದಳು, "ಹೋಳ್ಗೆ ಮಾಡಿವ್ನಿ, ಉಣ್ಣೋಗು."